ವಿಮಾನ ಹತ್ತುವ ಮೊದಲು ಒಂದು ಲೆಕ್ಕ

ನಮ್ಮ ಮಡಂತ್ಯಾರಿನ ಕಡೆ ಯಾರದಾದರೂ ಮನೆಗೆ ದಾರಿ ಕೇಳಿದರೆ ಉತ್ತರದಲ್ಲಿ ಒಂದೆರಡು ದೇಶಗಳ ಹೆಸರು ಬಂದೇ ಬರುತ್ತದೆ. “ಮಸ್ಕತ್‌ನವರ ಮನೆ ದಾಟಿ ಬಲಕ್ಕೆ ತಿರುಗಿ, ಮುಂದೆ ಕುವೈತಿನವರ ತೋಟ ಸಿಗ್ತದೆ, ಅದರ ಮೇಲಿನ ಮನೆಯೇ” ಎನ್ನುತ್ತಾರೆ. ಪುಂಜಾಲಕಟ್ಟೆಯಿಂದ ಗುರುವಾಯನಕೆರೆಯವರೆಗೆ ಹೆದ್ದಾರಿಯ ಎರಡೂ ಬದಿಯ ಒಳದಾರಿಗಳಲ್ಲಿ ಗಲ್ಫಿನ ದುಡ್ಡಿನಿಂದ ಎದ್ದ ಮನೆಗಳು ಎಷ್ಟೋ ಇವೆ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಅಮ್ಮಂದಿರಿಗೆ ತಾರಸಿ ಮನೆ ಕಟ್ಟಿಸಿಕೊಟ್ಟದ್ದು, ತಂಗಿಯರ ಮದುವೆ ಮಾಡಿಸಿದ್ದು, ತಮ್ಮಂದಿರನ್ನು ಎಂಜಿನಿಯರಿಂಗ್ ಓದಿಸಿದ್ದು ಇದೇ ದುಡ್ಡು. ಅದರ ಬಗ್ಗೆ ಹಗುರವಾಗಿ ಮಾತನಾಡುವ ಹಕ್ಕು ನನಗಿಲ್ಲ.

ಆದರೆ ನಮ್ಮ ದಾರಿಯಲ್ಲೇ “ಸೌದಿಯವರ ಮನೆ” ಎಂದು ಕರೆಯುವ ಇನ್ನೊಂದು ಮನೆ ಇದೆ. ಅದಕ್ಕೆ ಇನ್ನೂ ಸಾರಣೆ ಆಗಿಲ್ಲ. ಕೆಂಪುಕಲ್ಲು ಹಾಗೇ ಕಾಣುತ್ತದೆ. ಅದು ನನ್ನ ಮಾವನ ಮನೆ, ಅಮ್ಮನ ತಮ್ಮನದು.

ಕಳೆದ ಮಳೆಗಾಲದಲ್ಲಿ ನನ್ನ ಅಣ್ಣನಿಗೆ ಒಂದು ‘ಚಾನ್ಸ್’ ಬಂತು. ಅಣ್ಣ ಐಟಿಐ ಮುಗಿಸಿ ವಯರಿಂಗ್, ಎ.ಸಿ. ಕೆಲಸ ಮಾಡಿಕೊಂಡಿರುವವನು. ಪರಿಚಯದವರ ಮೂಲಕ ಒಬ್ಬ ಏಜೆಂಟ್ ಫೋನ್ ಮಾಡಿದರು. ದುಬೈಯಲ್ಲಿ ಎ.ಸಿ. ಟೆಕ್ನಿಷಿಯನ್ ಕೆಲಸ, ತಿಂಗಳಿಗೆ 1,500 ದಿರ್ಹಮ್. ಈಗ ವಿಸಿಟ್ ವೀಸಾದಲ್ಲಿ ಹೋಗುವುದು, ಅಲ್ಲಿ ಹೋದ ಮೇಲೆ ಕಂಪನಿಯವರು ವೀಸಾ ಬದಲಾಯಿಸಿ ಕೊಡುತ್ತಾರೆ. ಟಿಕೆಟ್, ವೀಸಾ, ಸರ್ವಿಸ್ ಚಾರ್ಜ್ ಎಲ್ಲ ಸೇರಿ 1 ಲಕ್ಷ 40 ಸಾವಿರ ರೂಪಾಯಿ. ಒಂದು ವಾರದೊಳಗೆ ಹೇಳಬೇಕು. ಅಮ್ಮ ಕೈಯ ಬಳೆ ತೆಗೆದು ಸೊಸೈಟಿಯಲ್ಲಿ ಅಡವಿಡಲು ತಯಾರಾದರು.

ಆ ಭಾನುವಾರ ಮಾವ ಮನೆಗೆ ಬಂದರು. ಚಹಾ ಕುಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ನನ್ನನ್ನು ಕರೆದು, “ನೀನು ಬಿ.ಕಾಂ. ಓದುವವಳಲ್ವಾ ಮಗಾ? ಒಂದು ಕಾಗದ, ಪೆನ್ನು ತಾ. ಮೊದಲು ನನ್ನದೊಂದು ಲೆಕ್ಕ ಬರಿ” ಎಂದರು. ಕಾಲೇಜಿನಲ್ಲಿ ಮೂರು ವರ್ಷ ಬ್ಯಾಲೆನ್ಸ್ ಶೀಟ್ ಬರೆದಿದ್ದೇನೆ. ಆದರೆ ಆ ದಿನ ಬರೆದ ಲೆಕ್ಕವನ್ನು ಮರೆಯಲು ಆಗಲಿಲ್ಲ. ಅದಕ್ಕೇ ಈ ಲೇಖನ.

ಮಾವನ ಲೆಕ್ಕ

ಮಾವ 2007ರಲ್ಲಿ ದಮ್ಮಾಮ್‌ಗೆ ಹೋದದ್ದು ‘ಫ್ರೀ ವೀಸಾ’ದಲ್ಲಿ. ಹೆಸರು ಕೇಳಿದರೆ ಪುಕ್ಕಟೆ ಎಂದೋ, ಸ್ವತಂತ್ರ ಎಂದೋ ಅನಿಸುತ್ತದೆ. ಎರಡೂ ಅಲ್ಲ. ಅಲ್ಲಿಯ ಒಬ್ಬ ಪ್ರಾಯೋಜಕ, ಅಂದರೆ ಕಫೀಲ್, ತನ್ನ ಮನೆಗೆ ಡ್ರೈವರ್ ಬೇಕು ಎಂದು ಸರಕಾರದಿಂದ ವೀಸಾ ತೆಗೆಯುತ್ತಾನೆ. ಅವನಿಗೆ ಡ್ರೈವರ್ ಬೇಕಾಗಿಯೇ ಇರುವುದಿಲ್ಲ. ಆ ವೀಸಾವನ್ನು ಅವನು ಮಾರುತ್ತಾನೆ. ಅದು ಎರಡು ಮೂರು ಕೈ ದಾಟಿ ನಮ್ಮೂರಿಗೆ ಬರುತ್ತದೆ. ಕೊಂಡವನು ಅಲ್ಲಿ ಹೋಗಿ ತನಗೆ ಸಿಕ್ಕಿದ ಕಡೆ ಕೆಲಸ ಮಾಡುತ್ತಾನೆ, ಕಫೀಲನಿಗೆ ತಿಂಗಳು ತಿಂಗಳು ದುಡ್ಡು ಕೊಡುತ್ತಾನೆ. ‘ಫ್ರೀ ವೀಸಾ’ ಎಂಬ ವೀಸಾ ಯಾವ ಗಲ್ಫ್ ದೇಶದ ಕಾನೂನಿನಲ್ಲೂ ಇಲ್ಲ. ಪ್ರಾಯೋಜಕನನ್ನು ಬಿಟ್ಟು ಬೇರೆಯವರಲ್ಲಿ ಕೆಲಸ ಮಾಡಿದರೆ ಅಲ್ಲಿ ಅದು ಅಪರಾಧ.

ಮಾವ ಕೊಟ್ಟದ್ದು 95,000 ರೂಪಾಯಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ. ಹೇಳಿದ್ದು 1,200 ರಿಯಾಲ್ ಸಂಬಳ, ಸಿಕ್ಕಿದ್ದು 900. ಅದರಲ್ಲಿ ಕಫೀಲನಿಗೆ 250. ರೂಮು, ಊಟಕ್ಕೆ 300. ಉಳಿದದ್ದು 350 ರಿಯಾಲ್. ಆಗ ಒಂದು ರಿಯಾಲಿಗೆ ಹತ್ತೂವರೆ ರೂಪಾಯಿಯ ಆಸುಪಾಸು. ಅಂದರೆ 3,675 ರೂಪಾಯಿ. ಊರಿನಲ್ಲಿ ಸಾಲದ ಬಡ್ಡಿಯೇ ತಿಂಗಳಿಗೆ 2,850. ಕಳೆದರೆ 825 ರೂಪಾಯಿ.

ನಾನು ಆ ಸಂಖ್ಯೆಯ ಕೆಳಗೆ ಗೆರೆ ಎಳೆದು ಮಾವನ ಮುಖ ನೋಡಿದೆ. “ಹೌದು. ಮೊದಲನೇ ವರ್ಷ ನಾನು ದುಡಿದದ್ದು ತಿಂಗಳಿಗೆ 825 ರೂಪಾಯಿಗೆ. ಅಸಲು ಹಾಗೇ ಇತ್ತು. ಆದ್ರೆ ಊರಿನವರಿಗೆಲ್ಲ ನಾನು ಸೌದಿಯವ” ಎಂದರು.

ಸಂಬಳ ಮತ್ತೆ ಏರಿತು. ಸಾಲ ತೀರಿತು. ಆದರೆ 2010ರಲ್ಲಿ ಕಫೀಲ್ ತಿಂಗಳ ದುಡ್ಡು ಜಾಸ್ತಿ ಕೇಳಿದ. ಮಾವ ಆಗುವುದಿಲ್ಲ ಎಂದರು. ಕಫೀಲ್ ‘ಹುರೂಬ್’ ಹಾಕಿದ. ಹುರೂಬ್ ಎಂದರೆ ಕೆಲಸಗಾರ ಓಡಿಹೋಗಿದ್ದಾನೆ ಎಂದು ಸರಕಾರಕ್ಕೆ ಕೊಡುವ ದೂರು. ಅದು ಬಿದ್ದ ದಿನದಿಂದ ಇಕಾಮಾ, ಅಂದರೆ ಅಲ್ಲಿ ನೆಲೆಸುವ ಪರವಾನಗಿ, ನವೀಕರಣ ಆಗುವುದಿಲ್ಲ. ಇಕಾಮಾ ಇಲ್ಲದೆ ಬ್ಯಾಂಕಿನಲ್ಲಿ ದುಡ್ಡು ಕಳಿಸುವ ಹಾಗಿಲ್ಲ. ಬೇರೆಯವರ ಹೆಸರಿನಲ್ಲಿ, ಅಥವಾ ಹುಂಡಿಯಲ್ಲಿ ಕಳಿಸಬೇಕು. ಪೊಲೀಸ್ ತಪಾಸಣೆಗೆ ಹೆದರಿ ರೂಮು ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಸಂಬಳ ಕೊಡದಿದ್ದರೆ ಕೇಳುವ ಹಾಗಿಲ್ಲ. ಊರಿಗೆ ಬರುವ ಹಾಗೂ ಇಲ್ಲ. ಅಜ್ಜಿ ತೀರಿಕೊಂಡಾಗ ಮಾವ ಬರಲಿಲ್ಲ. “ಸೌದಿಯ ದುಡ್ಡು ಕಂಡ ಮೇಲೆ ತಾಯಿ ಬೇಡ” ಎಂದು ಆಗ ಊರಿನಲ್ಲಿ ಮಾತಾಡಿದವರಿದ್ದಾರೆ. ಬರಲು ಆಗದ್ದು ಎಂದು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

2013ರಲ್ಲಿ ಸೌದಿ ಅರೇಬಿಯಾ ‘ನಿತಾಕತ್’ ಎಂಬ ಸ್ವದೇಶೀಕರಣ ನೀತಿಯನ್ನು ಬಿಗಿ ಮಾಡಿತು. ದಾಖಲೆ ಸರಿ ಇಲ್ಲದವರು ಸರಿ ಮಾಡಿಕೊಳ್ಳಲು ಅಥವಾ ದಂಡವಿಲ್ಲದೆ ದೇಶ ಬಿಡಲು ಆ ವರ್ಷದ ನವೆಂಬರ್ 3ರವರೆಗೆ ಅವಕಾಶ ಕೊಟ್ಟಿತು. ಲಕ್ಷಕ್ಕೂ ಹೆಚ್ಚು ಭಾರತೀಯರು ಆಗ ಊರಿಗೆ ಮರಳಿದರು. ಅವರಲ್ಲಿ ಮಾವ ಒಬ್ಬರು. ಕೈಯಲ್ಲಿ ರಾಯಭಾರ ಕಚೇರಿ ಕೊಟ್ಟ ಔಟ್‌ಪಾಸ್ ಇತ್ತು, ಒಂದು ಬ್ಯಾಗಿತ್ತು. ಆರು ವರ್ಷದ ದುಡಿಮೆಗೆ ಸಿಗಬೇಕಾಗಿದ್ದ ಸೇವಾಂತ್ಯದ ಹಣ ಒಂದು ರಿಯಾಲೂ ಸಿಗಲಿಲ್ಲ. ಕಾಗದದಲ್ಲಿ ಅವರು ಆ ಕೆಲಸವನ್ನು ಮಾಡಿರಲೇ ಇಲ್ಲವಲ್ಲ.

ಬೇಲಿ ಹಾರದೆ ಅಕ್ರಮವಾಗುವುದು

ಅಕ್ರಮ ವಲಸೆ ಎಂದ ಕೂಡಲೇ ನಮಗೆ ನೆನಪಾಗುವುದು ಟಿವಿಯಲ್ಲಿ ಕಂಡ ದೃಶ್ಯ: ರಾತ್ರಿ ಕಾಡು ದಾಟುವವರು, ಬೇಲಿ ಹಾರುವವರು, ಅಮೆರಿಕದಿಂದ ಕೈಕೋಳ ಹಾಕಿಸಿಕೊಂಡು ವಿಮಾನದಲ್ಲಿ ವಾಪಸಾದವರು. 2025ರ ಫೆಬ್ರುವರಿಯಲ್ಲಿ ಅಮೃತಸರಕ್ಕೆ ಬಂದಿಳಿದವರಲ್ಲಿ ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ನಮ್ಮ ಕರಾವಳಿಯ ಕಥೆ ಬೇರೆ. ಇಲ್ಲಿಯವರು ಬಜ್ಪೆಯಿಂದ ಹಗಲು ಹೊತ್ತಿನಲ್ಲಿ, ಒಳ್ಳೆಯ ಪಾಸ್‌ಪೋರ್ಟ್ ಹಿಡಿದು, ಸೀಲ್ ಹಾಕಿಸಿಕೊಂಡು, ಮನೆಯವರಿಗೆ ಕೈ ಬೀಸಿ ಹೋಗುತ್ತಾರೆ. ಅಕ್ರಮವಾಗುವುದು ಅಲ್ಲಿ ಇಳಿದ ಮೇಲೆ. ವಿಸಿಟ್ ವೀಸಾದ ದಿನ ಮುಗಿದರೂ ಉಳಿದಾಗ, ಒಬ್ಬರ ವೀಸಾದಲ್ಲಿ ಇನ್ನೊಬ್ಬರ ಕೆಲಸ ಮಾಡಿದಾಗ, ಹುರೂಬ್ ಬಿದ್ದಾಗ. ಹಲವರಿಗೆ ತಾವು ಅಕ್ರಮದವರಾದ ದಿನ ಯಾವುದೆಂದೇ ಗೊತ್ತಾಗುವುದಿಲ್ಲ.

ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಊರು ಬಿಡುವುದೆಂದರೆ ಬೊಂಬಾಯಿ. ಅಲ್ಲಿಂದ ಮುಂದೆ ಹೋದವರು ‘ಪರ್ಷಿಯಾ’ಕ್ಕೆ ಹೋದರು, ಗಲ್ಫನ್ನು ಹಿರಿಯರು ಹಾಗೆಯೇ ಕರೆಯುತ್ತಿದ್ದರು. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಪ್ರತ್ಯೇಕ ‘ಗಲ್ಫ್ ರೂಪಾಯಿ’ ನೋಟು ಹೊರಡಿಸಿತ್ತು ಎಂದರೆ ಇಂದು ನಂಬುವುದು ಕಷ್ಟ. ಕುವೈತ್ 1961ರಲ್ಲಿ ತನ್ನ ದಿನಾರ್ ತಂದಿತು, ಉಳಿದ ದೇಶಗಳು ಒಂದೊಂದಾಗಿ ರೂಪಾಯಿಯನ್ನು ಬಿಟ್ಟವು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಒಮ್ಮೆಲೇ ಎದ್ದಿತು. ಕೆಲಸಕ್ಕೆ ಜನ ಬೇಕಾಯಿತು. ಆದರೆ ಬಂದವರು ನೆಲೆಯೂರುವುದು ಬೇಡವಾಗಿತ್ತು. ಕೆಲಸಗಾರನ ವೀಸಾವನ್ನು ಒಬ್ಬ ಸ್ಥಳೀಯ ಪ್ರಾಯೋಜಕನಿಗೆ ಕಟ್ಟಿಹಾಕುವ ‘ಕಫಾಲಾ’ ಪದ್ಧತಿ ಆ ಅಗತ್ಯಕ್ಕೆ ಸರಿಯಾಗಿ ಹೊಂದಿಕೊಂಡಿತು. ಆ ಕಟ್ಟನ್ನು ಈಗ ಕೆಲವು ದೇಶಗಳು ಸಡಿಲಿಸಿವೆ. ಕತಾರ್ 2020ರಲ್ಲಿ ಕೆಲಸ ಬದಲಾಯಿಸಲು ಹಳೆಯ ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮವನ್ನು ಕೈಬಿಟ್ಟಿತು. 2021ರ ಮಾರ್ಚಿನಿಂದ 1,000 ರಿಯಾಲ್ ಕನಿಷ್ಠ ವೇತನ ತಂದಿತು. ಸೌದಿಯೂ 2021ರಲ್ಲಿ ಸುಧಾರಣೆ ತಂದಿತು, ಆದರೆ ಮನೆಗೆಲಸದವರು, ಮನೆ ಡ್ರೈವರ್‌ಗಳು ಅದರಿಂದ ಹೊರಗೆ ಉಳಿದರು. ನಮ್ಮವರು ಕೊಳ್ಳುವ ‘ಫ್ರೀ ವೀಸಾ’ಗಳಲ್ಲಿ ಮನೆ ಡ್ರೈವರ್ ವೀಸಾವೂ ಒಂದು ಎಂಬುದನ್ನು ನೆನಪಿಡಿ.

ಕಾಗದ ಇಲ್ಲದಿದ್ದರೆ ಲಾಭ ಯಾರಿಗೆ?

ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ, ಪೂರೈಕೆ, ಕೂಲಿ ಎಂದು ಓದುತ್ತೇವೆ. ಊರಿನಲ್ಲಿ ಕೂಲಿ ಕಡಿಮೆ, ಅಲ್ಲಿ ಜಾಸ್ತಿ, ಹಾಗಾಗಿ ಜನ ಹೋಗುತ್ತಾರೆ. ಇಷ್ಟು ಸರಿ. ಆದರೆ ಕೂಲಿಯ ಆ ವ್ಯತ್ಯಾಸ ಯಾರ ಜೇಬಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ.

ಮಾಲೀಕನ ಕಡೆಯಿಂದ ನೋಡಿ. ಸರಿಯಾದ ದಾಖಲೆಯ ಕೆಲಸಗಾರನನ್ನು ಇಟ್ಟುಕೊಂಡರೆ ಪರವಾನಗಿಯ ಶುಲ್ಕ, ಆರೋಗ್ಯ ವಿಮೆ, ರಜೆಯ ಟಿಕೆಟ್, ಸೇವಾಂತ್ಯದ ಹಣ ಎಲ್ಲವನ್ನೂ ಕೊಡಬೇಕು. ಸೌದಿಯಲ್ಲಿ ಕಂಪನಿಗಳು ಒಬ್ಬ ವಿದೇಶಿ ಕಾರ್ಮಿಕನ ಮೇಲೆ ಕಟ್ಟಬೇಕಾದ ತಿಂಗಳ ಶುಲ್ಕವನ್ನು 2018ರಿಂದ ಏರಿಸುತ್ತಾ 2020ರಲ್ಲಿ 700ರಿಂದ 800 ರಿಯಾಲ್‌ಗೆ ತರಲಾಯಿತು. ಮಾವನ ಮೊದಲ ಸಂಬಳವೇ 900 ರಿಯಾಲ್ ಇತ್ತಲ್ಲ, ಹೋಲಿಸಿ ನೋಡಿ. ಕಾಗದ ಇಲ್ಲದವನನ್ನು ಇಟ್ಟುಕೊಂಡರೆ ಇದೆಲ್ಲ ಉಳಿತಾಯ. ಮೇಲಾಗಿ ಅವನು ಬೇರೆ ಕಡೆ ಹೋಗುತ್ತೇನೆಂದು ಹೆದರಿಸುವ ಹಾಗಿಲ್ಲ, ದೂರು ಕೊಡುವ ಹಾಗಿಲ್ಲ. ಹಾಗಾಗಿ ಸಂಬಳ ಕಡಿಮೆ ಕೊಟ್ಟರೂ ನಡೆಯುತ್ತದೆ. ಕಫೀಲನಿಗೆ ಕೂತಲ್ಲಿಗೇ ಬಾಡಿಗೆ. ಏಜೆಂಟನಿಗೆ ಕಮಿಷನ್. ಊರಿನ ಬಡ್ಡಿಯವನಿಗೆ ಬಡ್ಡಿ.

ಸಾಲಕ್ಕೂ ಸಂಬಳಕ್ಕೂ ಒಂದು ನಂಟಿದೆ. ಸಾಲವಿಲ್ಲದೆ ಹೋದವನು ಸಂಬಳ ಸರಿಯಿಲ್ಲದಿದ್ದರೆ ಮುಂದಿನ ವಿಮಾನ ಹತ್ತಬಹುದು. ಲಕ್ಷಗಟ್ಟಲೆ ಸಾಲ ಮಾಡಿ ಹೋದವನಿಗೆ ಆ ದಾರಿ ಮುಚ್ಚಿರುತ್ತದೆ. ಮೊದಲ ದಿನವೇ “1,200 ಅಲ್ಲ, 900” ಎಂದರೂ ತಲೆಯಾಡಿಸಬೇಕು. ವೀಸಾದ ಬೆಲೆ ಎಷ್ಟು ಏರುತ್ತದೋ ಅಲ್ಲಿ ಚೌಕಾಸಿ ಮಾಡುವ ಶಕ್ತಿ ಅಷ್ಟು ಇಳಿಯುತ್ತದೆ. ನಾವು ವೀಸಾಕ್ಕೆ ಕೊಡುವ ದುಡ್ಡೆಂದರೆ ಮುಂದೆ ದುಡಿಯಲಿರುವ ಕೂಲಿಯನ್ನು ಇಲ್ಲೇ ಮುಂಗಡವಾಗಿ ಕಳೆದುಕೊಳ್ಳುವುದು.

ಇನ್ನು ದೇಶದ ಲೆಕ್ಕ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023–24ರಲ್ಲಿ ಅನಿವಾಸಿಗಳು ಭಾರತಕ್ಕೆ ಕಳಿಸಿದ್ದು 11,870 ಕೋಟಿ ಡಾಲರ್. ಅದರಲ್ಲಿ ಯುಎಇಯೊಂದರ ಪಾಲೇ ಶೇ. 19.2. ಕರ್ನಾಟಕಕ್ಕೆ ಬಂದದ್ದು ಶೇ. 7.7. ಇಷ್ಟು ದೊಡ್ಡ ಹಣದ ಹೊಳೆ ನಿಲ್ಲುವುದು ಯಾವ ಸರಕಾರಕ್ಕೂ ಬೇಡ. 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಸಮಯದಲ್ಲಿ, ಭಾರತ ಸರಕಾರವೇ ಗಲ್ಫ್ ದೇಶಗಳಿಗೆ ಹೋಗುವ ಕಾರ್ಮಿಕರ ಕನಿಷ್ಠ ಶಿಫಾರಸು ವೇತನವನ್ನು ಇಳಿಸಿತು. ಉದ್ಯೋಗ ಉಳಿಯಲಿ ಎಂಬುದು ಕಾರಣ. ವಿರೋಧ ಬಂದ ಮೇಲೆ 2021ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಕೂಲಿ ಅಗ್ಗವಾದಷ್ಟು ಕೆಲಸ ಉಳಿಯುತ್ತದೆ ಎಂಬ ತರ್ಕ ಏಜೆಂಟರದ್ದು ಮಾತ್ರ ಅಲ್ಲ ಎಂದಾಯಿತು.

ಅಣ್ಣನ ಲೆಕ್ಕ

ಕಾಗದ ತಿರುಗಿಸಿ ಹಿಂದಿನ ಪುಟದಲ್ಲಿ ಅಣ್ಣನ ಲೆಕ್ಕ ಬರೆದೆವು. ಒಂದು ದಿರ್ಹಮ್‌ಗೆ 23 ರೂಪಾಯಿ ಎಂದು ಹಿಡಿದೆವು. ಚಿನ್ನದ ಸಾಲದ ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ.

ಮೊದಲು, ಎಲ್ಲವೂ ಏಜೆಂಟ್ ಹೇಳಿದ ಹಾಗೆಯೇ ಆದರೆ. 1,500 ದಿರ್ಹಮ್‌ನಲ್ಲಿ ಮಲಗಲು ಒಂದು ಮಂಚದ ಜಾಗ, ಊಟ, ಫೋನು ಸೇರಿ 700 ಹೋದರೆ 800 ಉಳಿಯಿತು, 18,400 ರೂಪಾಯಿ. ಬಡ್ಡಿ 1,400 ಕಳೆದರೆ 17,000. ಸಾಲ ತೀರಲು ಹೆಚ್ಚೆಂದರೆ ಒಂಬತ್ತು ತಿಂಗಳು. ಎರಡು ವರ್ಷದ ಉಳಿದ ಹದಿನೈದು ತಿಂಗಳಲ್ಲಿ ಉಳಿತಾಯ 2,76,000 ರೂಪಾಯಿ. ಊರಿನಲ್ಲೇ ವಯರಿಂಗ್ ಮಾಡಿದರೆ ಅಣ್ಣ ಮನೆಯಲ್ಲೇ ಉಂಡು ತಿಂಗಳಿಗೆ 10,000 ಉಳಿಸುತ್ತಾನೆ. ಎರಡು ವರ್ಷಕ್ಕೆ 2,40,000. ವ್ಯತ್ಯಾಸ 36,000. ಅಂದರೆ ತಿಂಗಳಿಗೆ 1,500 ರೂಪಾಯಿ. ಸಂಬಳ 1,500 ದಿರ್ಹಮ್ ಎಂದು ಕೇಳಿ ಹಿಗ್ಗಿದ್ದ ನಮಗೆ ನಿಜವಾದ ಲಾಭ 1,500 ರೂಪಾಯಿ ಎಂದು ಕಂಡಾಗ ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಎರಡನೆಯದು, ಕೆಲಸ ಸಿಗದೆ 60 ದಿನದ ವೀಸಾ ಮುಗಿದು ವಾಪಸು ಬಂದರೆ. ಕೊಟ್ಟದ್ದು 1,40,000. ಎರಡು ತಿಂಗಳ ಅಲ್ಲಿನ ಖರ್ಚು 32,200. ಇಲ್ಲಿ ತಪ್ಪಿದ ಉಳಿತಾಯ 20,000. ಒಟ್ಟು ನಷ್ಟ 1,92,200 ರೂಪಾಯಿ.

ಮೂರನೆಯದು, ಬರಿಗೈಯಲ್ಲಿ ಬರಲು ನಾಚಿಕೆಯಾಗಿ ಅಲ್ಲೇ ಉಳಿದರೆ. ಯುಎಇಯಲ್ಲಿ ವೀಸಾ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ತಿಂಗಳಿಗೆ 1,500. ಸಿಗುತ್ತದೆಂದು ಹೇಳಿದ ಸಂಬಳ ಎಷ್ಟೋ ದಂಡವೂ ಅಷ್ಟೇ. ತಿಂಗಳು ಪೂರ್ತಿ ದುಡಿದರೂ ಸಂಬಳವೆಲ್ಲ ದಂಡಕ್ಕೆ ಸರಿ. ಈ ದಂಡ ಬೆಳೆದು ಕಟ್ಟಲಾಗದೆ, ಹೊರಬರಲಾಗದೆ ಸಿಕ್ಕಿಕೊಂಡವರಿಗಾಗಿಯೇ ಅಲ್ಲಿಯ ಸರಕಾರ ಆಗಾಗ ಕ್ಷಮಾದಾನ ಘೋಷಿಸುತ್ತದೆ. 2018ರಲ್ಲಿ ಕೊಟ್ಟಿತ್ತು, 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೆ ಕೊಟ್ಟಿತು. ಆದರೆ ಮುಂದಿನ ಕ್ಷಮಾದಾನ ಯಾವಾಗ ಎಂದು ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ.

ಕಾನೂನು ಇದೆ, ಕಿಟಕಿಯೂ ಇದೆ

ಹಾಗಾದರೆ ಸರಿಯಾದ ದಾರಿಯ ಬೆಲೆ ಎಷ್ಟು? 1983ರ ವಲಸೆ ಕಾಯಿದೆಯ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 35,400. ರಶೀದಿ ಕೊಡಲೇಬೇಕು. ಯುಎಇಯ ಕಾರ್ಮಿಕ ಕಾನೂನಂತೂ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವುದನ್ನೇ ನಿಷೇಧಿಸಿದೆ. ಅಣ್ಣನಿಗೆ ಹೇಳಿದ 1,40,000ದಲ್ಲಿ 35,400 ಕಳೆಯಿರಿ. ಉಳಿದ 1,04,600 ರೂಪಾಯಿ ಯಾವ ಕೆಲಸಕ್ಕೆ ಎಂದು ಕೇಳಿದರೆ ಉತ್ತರವಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಎಂಬ ಗುರುತು ಬೀಳುತ್ತದೆ. ಅವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ಅನುಮತಿ ಬೇಕು. ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಕೆಲಸದ ಕರಾರು ಪರಿಶೀಲನೆ ಆಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ವಿಮೆ ಸಿಗುತ್ತದೆ. ಬಜ್ಪೆಗೆ ಹೋಗಿ ಬರುವ ಬಸ್ಸಿನ ದುಡ್ಡಿನಷ್ಟು ಕಂತು ಇದು. ಆದರೆ ವಿಸಿಟ್ ವೀಸಾದಲ್ಲಿ ಹೋಗುವವನನ್ನು ಕಾನೂನು ಕೆಲಸಗಾರ ಎಂದೇ ಲೆಕ್ಕಿಸುವುದಿಲ್ಲ. ಅನುಮತಿ ಬೇಡ, ಕರಾರು ಬೇಡ, ವಿಮೆ ಬೇಡ. ಏಜೆಂಟರು ವಿಸಿಟ್ ವೀಸಾವನ್ನೇ ಮುಂದೆ ಮಾಡುವುದು ಈ ಕಿಟಕಿಯ ಕಾರಣಕ್ಕೆ.

ನಮ್ಮಂಥ ಪದವೀಧರರಿಗೆ ಇನ್ನೊಂದು ಅಪಾಯವಿದೆ. ಹತ್ತನೇ ತರಗತಿ ದಾಟಿದವರಿಗೆ ಆ ಪರಿಶೀಲನೆ ಕಡ್ಡಾಯವೇ ಅಲ್ಲ. ಓದಿದವರಿಗೆ ಗೊತ್ತಿರುತ್ತದೆ ಎಂದು ಕಾನೂನು ನಂಬಿದೆ. ಆದರೆ ಹೊಸ ಬಲೆಗಳು ಬೀಳುತ್ತಿರುವುದು ಓದಿದವರ ಮೇಲೆಯೇ. ‘ಡೇಟಾ ಎಂಟ್ರಿ’, ‘ಡಿಜಿಟಲ್ ಮಾರ್ಕೆಟಿಂಗ್’ ಎಂದು ಥಾಯ್ಲೆಂಡಿಗೆ ಕರೆಸಿ, ಅಲ್ಲಿಂದ ಮ್ಯಾನ್ಮಾರ್ ಗಡಿ ದಾಟಿಸಿ, ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ 549 ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದಲ್ಲಿ ಸಹಾಯಕರ ಕೆಲಸ ಎಂದು ನಂಬಿ ಹೋಗಿ ಉಕ್ರೇನ್ ಯುದ್ಧದ ಮುಂಚೂಣಿಗೆ ತಲುಪಿದರು. ತಿಂಗಳುಗಟ್ಟಲೆ ಕಷ್ಟಪಟ್ಟು 2024ರ ಸೆಪ್ಟೆಂಬರ್‌ನಲ್ಲಿ ಮನೆ ಸೇರಿದರು. ಹೆಚ್ಚು ಸಂಬಳದ ಆಸೆ ತಪ್ಪಲ್ಲ. ಆ ಆಸೆಯನ್ನು ಬಂಡವಾಳ ಮಾಡಿಕೊಂಡವರು ಇದ್ದಾರೆ ಎಂಬುದು ಗೊತ್ತಿರಬೇಕು.

ಕಾಗದ ಸರಿಯಿದ್ದ ಕೂಡಲೇ ಎಲ್ಲವೂ ಸರಿ ಎಂದೂ ನಾನು ಹೇಳುವುದಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ಅವರು ಕಂಪನಿಯ ಕೆಲಸಗಾರರು. ಆದರೆ ಹೆಸರು ದಾಖಲೆಯಲ್ಲಿದ್ದರೆ ಕೊನೆಗೆ ಮನೆಯವರು ಕೇಳಲು ಒಂದು ಬಾಗಿಲಾದರೂ ಇರುತ್ತದೆ.

ನಮ್ಮ ತೋಟದ ಹುಡುಗರು

ಲೆಕ್ಕ ಮುಗಿಸಿ ಹೊರಗೆ ಬಂದಾಗ ಪಕ್ಕದ ತೋಟದಲ್ಲಿ ಜಾರ್ಖಂಡಿನ ಇಬ್ಬರು ಹುಡುಗರು ಅಡಿಕೆ ಹೊರುತ್ತಿದ್ದರು. ನಮ್ಮೂರಿನ ಹುಡುಗರು ಗಲ್ಫಿಗೆ ಹೋದ ಜಾಗ ಖಾಲಿ ಉಳಿದಿಲ್ಲ. ಕಟ್ಟಡ, ತೋಟ, ಹೋಟೆಲ್ ಎಲ್ಲೆಡೆ ಜಾರ್ಖಂಡ್, ಒಡಿಶಾ, ಬಂಗಾಳ, ಅಸ್ಸಾಂನವರು ಇದ್ದಾರೆ. ಅವರು ನಮ್ಮದೇ ದೇಶದವರು. ಎಲ್ಲಿ ಬೇಕಾದರೂ ದುಡಿಯುವ ಹಕ್ಕು ಅವರಿಗಿದೆ. ಆದರೆ ಅವರ ಕೈಯಲ್ಲೂ ಕರಾರಿನ ಕಾಗದ ಇಲ್ಲ. ಅವರನ್ನು ಕರೆತಂದ ಕಂತ್ರಾಟುದಾರನ ಹೆಸರು ಗೊತ್ತು, ಅವನು ಎಷ್ಟು ಹಿಡಿದುಕೊಳ್ಳುತ್ತಾನೆ ಎಂದು ನಾವು ಕೇಳಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲೇ ಕಾಯಿದೆ ಬಂದಿತ್ತು ಎಂಬುದು ನನಗೆ ಗೊತ್ತಾದದ್ದೂ ಈ ಲೇಖನಕ್ಕೆ ಓದುವಾಗ.

2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ದುಬೈಗೆ ಹೊರಟಿದ್ದ ಬಾಂಗ್ಲಾದೇಶದ ಒಬ್ಬ ಯುವಕ ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಅದರ ಬೆನ್ನಿಗೆ ಮಲ್ಪೆ ಪೊಲೀಸರು ದಾಖಲೆಯಿಲ್ಲದೆ ನೆಲೆಸಿದ್ದ ಅವನ ಜತೆಯವರನ್ನು ಬಂಧಿಸಿದರು. ಕಾನೂನು ಮುರಿದದ್ದಕ್ಕೆ ಕಾನೂನಿನ ಕ್ರಮ ಆಗಲೇಬೇಕು. ಆದರೆ ಆ ಸುದ್ದಿ ಓದಿದ ಮಾವ ಪೇಪರ್ ಮಡಚಿಟ್ಟು ಹೇಳಿದ್ದು ಒಂದೇ ಮಾತು: “ಅವನಿಗೂ ಯಾರೋ ಒಬ್ಬ ಏಜೆಂಟ್ ಇದ್ದಿರ್ಬೇಕು.”

ಕೇಳಬೇಕಾದ ಮೂರು ಪ್ರಶ್ನೆ

ಅಣ್ಣ ಏಜೆಂಟ್‌ಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದ. ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಕೊಡುವ ದುಡ್ಡಿಗೆಲ್ಲ ರಶೀದಿ ಕೊಡುತ್ತೀರಾ? ಕಂಪನಿಯ ಹೆಸರು, ಸಂಬಳ ಬರೆದ ಕರಾರುಪತ್ರವನ್ನು ಹೊರಡುವ ಮೊದಲೇ ತೋರಿಸುತ್ತೀರಾ? “ನಂಬಿಕೆ ಇಲ್ಲದಿದ್ರೆ ಬಿಡಿ, ಇನ್ನು ಹತ್ತು ಜನ ಕಾಯ್ತಾ ಇದ್ದಾರೆ” ಎಂಬ ಉತ್ತರ ಬಂತು.

ಕಾಯುತ್ತಿದ್ದವರು ಇದ್ದದ್ದು ಸುಳ್ಳಲ್ಲ. ಅದೇ ತಿಂಗಳು ಅದೇ ದಾರಿಯಲ್ಲಿ ನಮ್ಮ ಕಡೆಯ ಇಬ್ಬರು ಹೋದರು. ಒಬ್ಬನಿಗೆ ನಿಜವಾಗಿಯೂ ಕೆಲಸದ ವೀಸಾ ಆಯಿತು; ಚೆನ್ನಾಗಿದ್ದಾನೆ. ಇನ್ನೊಬ್ಬ 58ನೇ ದಿನ ವಾಪಸು ಬಂದ. ಊರಿನಲ್ಲಿ ಎಲ್ಲರೂ ಹೇಳುವುದು ಮೊದಲಿನವನ ಕಥೆ. ಎರಡನೆಯವನು ಪೇಟೆಗೆ ಬರುವುದನ್ನೇ ಕಡಿಮೆ ಮಾಡಿದ್ದಾನೆ. ಗೆದ್ದವರ ಮನೆಗೆ ಬಣ್ಣ ಬಳಿಯುವುದು ಎಲ್ಲರಿಗೂ ಕಾಣುತ್ತದೆ, ಸೋತವರ ಅಡವಿನ ಚೀಟಿ ಯಾರಿಗೂ ಕಾಣುವುದಿಲ್ಲ. ಈ ವ್ಯಾಪಾರ ಇಷ್ಟು ವರ್ಷ ನಡೆದುಬಂದಿರುವುದೇ ಹೀಗೆ.

ಗೆಳೆಯರೇ, ಹೋಗಬೇಡಿ ಎಂದು ನಾನು ಬರೆಯುತ್ತಿಲ್ಲ. ಪದವಿ ಮುಗಿಸಿದ ನನ್ನ ಸೀನಿಯರ್‌ಗಳು ಹದಿನೈದು ಸಾವಿರಕ್ಕೆ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದನ್ನು ನೋಡುತ್ತಿದ್ದೇನೆ. ಹೋಗುವುದಿದ್ದರೆ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟನ ಹೆಸರು ಇದೆಯೇ ನೋಡಿ. ಹತ್ತನೇ ತರಗತಿ ದಾಟಿದವರೂ ಅಲ್ಲಿ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಬಹುದು. ಅಲ್ಲಿ ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ಮನೆಯವರೇ ದೂರು ಕೊಡಬಹುದು. ರಾಯಭಾರ ಕಚೇರಿಗಳಲ್ಲಿ ಕಷ್ಟದಲ್ಲಿದ್ದವರಿಗೆಂದು 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಪಾಸ್‌ಪೋರ್ಟ್, ವೀಸಾ, ಕರಾರುಪತ್ರದ ಪ್ರತಿ ಮನೆಯಲ್ಲೂ ಒಂದು ಇರಲಿ. ಎಲ್ಲಕ್ಕಿಂತ ಮೊದಲು ಒಂದು ಕಾಗದ ತೆಗೆದು ಸಂಬಳದ ಮುಂದೆ ಖರ್ಚನ್ನೂ, ಸಾಲದ ಮುಂದೆ ಬಡ್ಡಿಯನ್ನೂ ಬರೆಯಿರಿ. ಹೋಗಿ ಬಂದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.

ಅಮ್ಮನ ಬಳೆ ಕೈಯಲ್ಲೇ ಇದೆ. ಅಣ್ಣ ಈಗ ನೋಂದಾಯಿತ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾನೆ. ಅಲ್ಲಿಯವರೆಗೆ ಕೆಲಸ ನಿಲ್ಲಿಸಿಲ್ಲ. ಮೊನ್ನೆಯಿಂದ ಅವನು ವಯರಿಂಗ್ ಮಾಡುತ್ತಿರುವುದು ಹೊಸದಾಗಿ ಕಟ್ಟುತ್ತಿರುವ ಒಂದು ದೊಡ್ಡ ಮನೆಗೆ. ಯಾರ ಮನೆ ಎಂದು ಕೇಳಿದೆ. “ಅಬುಧಾಬಿಯವರದ್ದು” ಎಂದ.